ಒಂಬತ್ತನೆಯ ಕಾಲಮಿನ ರೈತ

ಕವಿತೆ, ಕಾದಂಬರಿಗಳಷ್ಟೇ ವಿಮರ್ಶೆಗೆ ತಕ್ಕ ಬರಹ ಎಂದು ನಾವು ನಂಬಿಲ್ಲ. ಬಡವನ ಹೊಟ್ಟೆಯ ಮೇಲೆ ಬರೆದ ಸರಕಾರಿ ಕಾಗದವೂ ವಿಮರ್ಶೆಗೆ ಒಳಗಾಗಬೇಕು. ಈ ಸಲ ನಾವು ಓದುತ್ತಿರುವುದು ಹೊಲದ ಉತಾರ.

ಬಾಗಲಕೋಟೆ ಜಿಲ್ಲೆಯ ಯಾವ ರೈತ ಸಂಪರ್ಕ ಕೇಂದ್ರಕ್ಕೆ ಹೋದರೂ ಮೊದಲ ಪ್ರಶ್ನೆ ಒಂದೇ: 'ಉತಾರ ಯಾರ ಹೆಸರೀಲೆ ಐತಿ?' ಸ್ಪ್ರಿಂಕ್ಲರ್ ಪೈಪಿಗೂ ಅದೇ, ಕೃಷಿಹೊಂಡಕ್ಕೂ ಅದೇ. ಉತಾರದ ಒಂಬತ್ತನೆಯ ಕಾಲಮಿನಲ್ಲಿ ಒಡೆಯನ ಹೆಸರು. ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು. ಸರಕಾರದ ಕಣ್ಣಿಗೆ ಒಂಬತ್ತರಲ್ಲಿ ಇದ್ದವನೇ ರೈತ.

2019ರಲ್ಲಿ ಪಿಎಂ-ಕಿಸಾನ್ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಮೊದಲು 2 ಹೆಕ್ಟೇರ್ ಒಳಗಿನವರಿಗೆ ಎಂದರು. ಆ ವರ್ಷದ ಜೂನ್‌ನಲ್ಲೇ ಆ ಮಿತಿ ತೆಗೆದರು. ಬಾಗಿಲು ಮೇಲಿನವರಿಗೆ ತೆರೆಯಿತು, ಕೆಳಗಿನವರಿಗೆ ತೆರೆಯಲಿಲ್ಲ. ಹುನಗುಂದದ ಎರೆಹೊಲ ಲಾವಣಿ ಹಿಡಿದು ಕಡಲೆ ಬಿತ್ತುವವನಿಗೆ, ಬಾದಾಮಿಯ ಮಸಾರಿಯಲ್ಲಿ ಕಳೆ ತೆಗೆಯುವ ಅವ್ವನಿಗೆ ಅದರಲ್ಲಿ ಒಂದು ಪೈಸೆಯಿಲ್ಲ.

ಹನ್ನೆರಡನೆಯ ಕಾಲಮಿನಲ್ಲಿ ಇವನ ಹೆಸರು ಯಾಕಿಲ್ಲ? 1974ರ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಎಂದಿತು. ಫಾರಂ ನಂಬರ್ 7 ಕೊಟ್ಟು, ಟ್ರಿಬ್ಯೂನಲ್ ಮುಂದೆ ನಿಂತು ಗೆದ್ದವರಿಗೆ ಭೂಮಿ ಬಂತು. ಆಮೇಲೆ ಗೇಣಿಯೇ ನಿಷಿದ್ಧ. ಆದರೆ ಗೇಣಿ ನಿಂತಿತೇ? ಇಲ್ಲ, ಬಾಯಿಮಾತಿಗೆ ಇಳಿಯಿತು. 'ಹೆಸರು ಹಚ್ಚಿಸಿದರ ಹೊಲ ಹೊಕ್ಕೈತಿ' ಅನ್ನೋ ಅಂಜಿಕೆ ಒಡೆಯನಿಗೆ. 'ಕೇಳಿದರ ಮುಂದಿನ ವರ್ಷ ಹೊಲಾನ ಕೊಡೂದಿಲ್ಲ' ಅನ್ನೋ ಅಂಜಿಕೆ ಇವನಿಗೆ. ಉಳುವವನನ್ನು ಒಡೆಯನನ್ನಾಗಿ ಮಾಡಲು ಬಂದ ಕಾನೂನಿನ ನೆರಳಲ್ಲೇ ಇಂದಿನ ಉಳುವವನು ಮರೆಯಾಗಿದ್ದಾನೆ.

ದೊಡ್ಡ ಸಬ್ಸಿಡಿಗಳಂತೂ ಯಾರ ಪಟ್ಟಿಯಲ್ಲೂ ಕಾಣುವುದಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಗೊಬ್ಬರದ ಚೀಲದ ನಿಜವಾದ ಬೆಲೆಯ ಬಹುಪಾಲು ಸರಕಾರದ್ದು. ಇವು ಯಾರಿಗೆ ಹೆಚ್ಚು ಸಲ್ಲುತ್ತವೆ? ಹೆಚ್ಚು ನೀರೆತ್ತುವವನಿಗೆ, ಹೆಚ್ಚು ಚೀಲ ಸುರಿಯುವವನಿಗೆ. ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆಗೆ ಹರಿದಷ್ಟು ಈ ದುಡ್ಡು ಬಾದಾಮಿಯ ಒಣಜೋಳಕ್ಕೆ ಹರಿಯುವುದಿಲ್ಲ. ಅದೇ ಗದ್ದೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ಸಿಗುವುದು ಕೂಲಿಯಷ್ಟೇ. ಹುನಗುಂದದ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿ ಯೋಜನೆ ಮಾಡಿದರು. ಹನಿ ಕೂಡ ಸರ್ವೆ ನಂಬರ್ ನೋಡಿಯೇ ಬೀಳುತ್ತದೆ.

'ದಲಿತರಿಗೆ ಹೆಚ್ಚು ಕೊಟ್ಟೀವಲ್ಲ' ಅನ್ನುತ್ತಾರೆ. ನಿಜ, 2014ರ ಕೃಷಿ ಭಾಗ್ಯದಲ್ಲಿ ಇತರರಿಗೆ ನೂರಕ್ಕೆ 80, ಪರಿಶಿಷ್ಟರಿಗೆ 90. ಆದರೆ 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಭೂಮಿಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ನೂರಕ್ಕೆ 9ರಷ್ಟೂ ಇಲ್ಲ; 2011ರ ಜನಗಣತಿಯಲ್ಲಿ ಅವರ ಸಂಖ್ಯೆ ನೂರಕ್ಕೆ 16ರ ಮೇಲೆ. ಹೊಲವೇ ಇಲ್ಲದವನಿಗೆ ತೊಂಬತ್ತಾದರೇನು, ನೂರಾದರೇನು?

ನಮ್ಮನ್ನೂ ನಾವು ವಿಮರ್ಶಿಸಿಕೊಳ್ಳಬೇಕು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧದ ಆ ಸಿಟ್ಟು ನ್ಯಾಯದ್ದೇ. ಆದರೆ ಕರ ಬೀಳುವುದು ಹೊಲ ಇದ್ದವನಿಗೆ. ಹೊಲ ಇಲ್ಲದವನ ಬೇಡಿಕೆ ರೈತ ಚಳವಳಿಯ ಮೊದಲ ಸಾಲಿಗೆ ಎಂದು ಬಂದೀತು?

ಆಗದ ಮಾತೇನಲ್ಲ ಇದು. ಒಡಿಶಾದಲ್ಲಿ 2018ರ ಕೊನೆಗೆ ಘೋಷಿಸಿದ 'ಕಾಲಿಯಾ' ಯೋಜನೆ ಭೂಹೀನ ಕೂಲಿಕಾರ ಕುಟುಂಬಗಳನ್ನೂ ಸೇರಿಸಿತು. ಆಂಧ್ರ 2019ರಲ್ಲಿ ಕಾನೂನು ಮಾಡಿ, ಒಡೆಯನ ಹಕ್ಕಿಗೆ ಧಕ್ಕೆಯಿಲ್ಲದಂತೆ ಗೇಣಿದಾರನಿಗೆ 11 ತಿಂಗಳ ಸಾಗುವಳಿ ಕಾರ್ಡು ಕೊಟ್ಟಿತು. ಅಲ್ಲಿಯೂ ಒಡೆಯನ ಸಹಿ ಬೇಕು, ಆ ತೊಡಕು ಇದ್ದೇ ಇದೆ. ಆದರೂ ಉಳುವವನು ಇದ್ದಾನೆಂದು ಸರಕಾರ ಒಪ್ಪಿತು.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಒಂದು ಸಂಜೆ ಕೇರಿಯಲ್ಲಿ ಕುಳಿತು ಬರೆಯಿರಿ: ಯಾವ ಹೊಲ, ಒಂಬತ್ತರಲ್ಲಿ ಯಾರು, ನಿಜವಾಗಿ ಬಿತ್ತಿದವರು ಯಾರು, ಸಬ್ಸಿಡಿ ಯಾರಿಗೆ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಬಿತ್ತಿದವನ ಹೆಸರು ಮೊದಲು ಊರ ಕಿವಿಗೆ ಬೀಳಲಿ. ಉತಾರಕ್ಕೆ ಏರಿಸುವ ಜಗಳ ಅಲ್ಲಿಂದ ಸುರುವಾಗಲಿ.