350-ಎ: ಹಕ್ಕೋ, ಹಾರೈಕೆಯೋ?

ಸಂವಿಧಾನದಲ್ಲಿ ವಿಧಿಯ ಮಾತಿನಷ್ಟೇ ಅದಿರುವ ಜಾಗವೂ ಮುಖ್ಯ. ಹೊರನಾಡ ಕನ್ನಡಿಗರು ಇದನ್ನು ಗಮನಿಸಬೇಕು. ಭಾಷೆ, ಲಿಪಿಗಳನ್ನು ಕಾಪಾಡಿಕೊಳ್ಳುವ 29ನೆಯ ವಿಧಿಯೂ, ಅಲ್ಪಸಂಖ್ಯಾತರು ತಮ್ಮದೇ ಶಾಲೆ ತೆರೆಯಬಹುದೆನ್ನುವ 30ನೆಯ ವಿಧಿಯೂ ಮೂರನೆಯ ಭಾಗದಲ್ಲಿವೆ. ಅವು ಮೂಲಭೂತ ಹಕ್ಕುಗಳು. ಭಂಗವಾದರೆ ನೇರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಲೇರಬಹುದು.

1956ರಲ್ಲಿ, ಭಾಷಾವಾರು ಪ್ರಾಂತಗಳಾದಾಗ, ಏಳನೆಯ ತಿದ್ದುಪಡಿಯಿಂದ ಬಂದದ್ದು 350-ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಅದರ ಆದೇಶ. ಆದರೆ ಅದಕ್ಕೆ ಸಿಕ್ಕಿದ್ದು ಹದಿನೇಳನೆಯ ಭಾಗದಲ್ಲಿ ಜಾಗ. ರಾಷ್ಟ್ರಪತಿಗಳು ನಿರ್ದೇಶನ ನೀಡಬಹುದು. ತಾಯಿತಂದೆಯರಿಗೆ ಆ ನೇರ ದಾರಿಯಿಲ್ಲ. ಆಶಯ ದೊಡ್ಡದು, ಹಿಡಿತ ಸಡಿಲು.

ಸರಕಾರವನ್ನು ಕೇಳುತ್ತಲೇ ಇರೋಣ. ಆದರೆ 30ನೆಯ ವಿಧಿ ನಮ್ಮ ಕೈಗೇ ಕೊಟ್ಟ ಹಕ್ಕನ್ನು ಬಳಸದೆ ದೂರುವುದು ತರವಲ್ಲ. ತರಗತಿಯಲ್ಲಿ ನಮ್ಮ ಮಕ್ಕಳೇ ಇಲ್ಲದಿದ್ದರೆ ಯಾವ ವಿಧಿ ತಾನೇ ಏನು ಮಾಡೀತು?