ವಾರ್ತೆಯ ಪ್ರಾಮಾಣ್ಯ

ಪ್ರಮಾಣಗಳಲ್ಲಿ ಶಬ್ದವೂ ಒಂದೆಂದು ನೈಯಾಯಿಕರು ಒಪ್ಪಿರುವರು. ಆದರೆ ಕೇಳಿದ ಮಾತೆಲ್ಲವೂ ಪ್ರಮಾಣವಲ್ಲ. ಆಪ್ತನ ಮಾತು ಮಾತ್ರ ಪ್ರಮಾಣ. ವಿಷಯವನ್ನು ಇದ್ದಂತೆ ಅರಿತು, ಅರಿತಂತೆಯೇ ನುಡಿಯುವವನು ಆಪ್ತನು. ಬೈಂದೂರಿನ ಮನೆಯಲ್ಲಿ ಕುಳಿತವನು ದೆಹಲಿಯ ಸಂಗತಿಯನ್ನು ಕಂಡವನಲ್ಲ. ಹೇಳಿದವನನ್ನು ನಂಬಿಯೇ ಅದನ್ನು ತಿಳಿಯಬೇಕು. ಆದಕಾರಣ ಹೇಳಿದವನು ಯಾರು, ತಪ್ಪಿದರೆ ಉತ್ತರ ಕೊಡತಕ್ಕವನು ಯಾರು ಎಂಬುದೇ ಪತ್ರಿಕಾಧರ್ಮದ ಮೊದಲನೆಯ ಪ್ರಶ್ನೆ.

ಅಚ್ಚಿನ ಕಾಲದಲ್ಲಿ ಇದಕ್ಕೆ ಉತ್ತರವು ಹಾಳೆಯ ಮೇಲೆಯೇ ಇರುತ್ತಿದ್ದಿತು. 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ದ ಹಿಂದೆ ಹರ್ಮನ್ ಮೋಗ್ಲಿಂಗರೆಂಬ ಗುರುತಿನ ಮನುಷ್ಯರಿದ್ದರು. ಮುದ್ರಕನ ಹೆಸರೂ ಮುದ್ರಿಸಿದ ಸ್ಥಳವೂ ಕಾಣಲೇಬೇಕೆಂದು 1867ರ ಕಾಯಿದೆಯು ವಿಧಿಸಿತು. ಬ್ರಹ್ಮಾವರದ ಕಡೆಯ ವಡ್ಡರ್ಸೆಯ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಪಾಲುಹಣವನ್ನು ಕೂಡಿಸಿ ಮಂಗಳೂರಿನಲ್ಲಿ ‘ಮುಂಗಾರು’ ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬುದಕ್ಕೆ ಅದೂ ಒಂದು ಉತ್ತರವೇ.

ಈಗಿನ ಸ್ಥಿತಿಯನ್ನು ಅರಿಯಲು 2022ನೆಯ ಇಸವಿಯನ್ನು ನೆನೆದರೆ ಸಾಕು. ಆ ಫೆಬ್ರವರಿಯ ಆರಂಭದಲ್ಲಿ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರಿಗೆ ಮುಚ್ಚಿತು. ಆ ದೃಶ್ಯವನ್ನು ಕೈಫೋನುಗಳು ದೇಶಕ್ಕೆ ತೋರಿಸಿದುವು. ಅಷ್ಟರ ಮಟ್ಟಿಗೆ ಅದು ಸಾಕ್ಷ್ಯವೇ. ಹೊಸ ಸಾಧನದ ಗುಣವನ್ನು ಅಲ್ಲಗಳೆಯಲಾಗದು. ಆದರೆ ಸಾಕ್ಷ್ಯದ ಬೆನ್ನಿಗೇ ಬೇರೆಯದೂ ಹರಿಯಿತು. ಉಡುಪಿಯ ವಿದ್ಯಾರ್ಥಿನಿಯರ ಖಾಸಗಿ ವಿವರಗಳು ಜಾಲದಲ್ಲಿ ಹರಡಿದುವೆಂದು ಪೋಷಕರು ಪೊಲೀಸರಿಗೆ ದೂರಿತ್ತರು. ಓದುವ ಮಕ್ಕಳ ವಿವರಗಳನ್ನು ಬೀದಿಗೆ ಚೆಲ್ಲುವುದು ಯಾವ ಪಕ್ಷದ ವಾದಕ್ಕೂ ಬಲ ಕೊಡದು.

ಅದೇ ಏಪ್ರಿಲಿನಲ್ಲಿ ‘ನ್ಯೂಸ್ 18 ಇಂಡಿಯಾ’ ವಾಹಿನಿಯು ತನ್ನ ಚರ್ಚೆಯಲ್ಲಿ ಹಿಜಾಬನ್ನು ಸಮರ್ಥಿಸಿದವರನ್ನು ಅಲ್-ಕೈದಾದ ಜವಾಹಿರಿಯೊಡನೆ ಜೋಡಿಸಿತು. ವಾಹಿನಿಗಳು ತಾವೇ ಏರ್ಪಡಿಸಿಕೊಂಡ ನಿಯಂತ್ರಣ ಪ್ರಾಧಿಕಾರವು ಇದನ್ನು ತಪ್ಪೆಂದು ನಿರ್ಣಯಿಸಿ 50,000 ರೂಪಾಯಿ ದಂಡ ವಿಧಿಸಿ, ದೃಶ್ಯವನ್ನು ಜಾಲದಿಂದ ತೆಗೆಯಲು ಹೇಳಿದ್ದು ಅಕ್ಟೋಬರಿನಲ್ಲಿ. ಅದೇ ತಿಂಗಳ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಹಿಜಾಬಿನ ಮೊಕದ್ದಮೆಯಲ್ಲಿ ಪರಸ್ಪರ ಭಿನ್ನವಾದ ತೀರ್ಪುಗಳನ್ನಿತ್ತರು. ದಿನಗಟ್ಟಲೆ ವಾದ ಕೇಳಿದ ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಾರದ ವಿಷಯದಲ್ಲಿ ವಾಹಿನಿಗೆ ಒಂದು ಸಂಜೆಯಲ್ಲಿ ಸಂದೇಹವೇ ಉಳಿಯಲಿಲ್ಲ. ಇದು ಆಪ್ತನ ಲಕ್ಷಣವೇ ಎಂಬುದನ್ನು ವಾಚಕರೇ ವಿಚಾರಿಸಲಿ. ಆರು ತಿಂಗಳ ಬಳಿಕ ಬಂದ ತಿದ್ದುಪಡಿಯು ಮೊದಲಿನ ಮಾತು ತಲುಪಿದ ಮನೆಗಳನ್ನೆಲ್ಲ ತಲುಪೀತೆ?

ಕಾನೂನು ಇಲ್ಲವೆಂದಲ್ಲ. 1978ರ ಕಾಯಿದೆಯಂತೆ ಪತ್ರಿಕಾ ಮಂಡಳಿಯು ವೃತ್ತಪತ್ರಿಕೆಗಳನ್ನು ಎಚ್ಚರಿಸಬಹುದು, ಖಂಡಿಸಬಹುದು, ದಂಡಿಸಲಾರದು. ಜಾಲದ ವಾರ್ತೆಗಳಿಗೆಂದು 2021ರಲ್ಲಿ ನಿಯಮಗಳು ಬಂದುವು. ಅವುಗಳಲ್ಲಿ ಮುಖ್ಯವಾದ ಭಾಗಕ್ಕೆ ಅದೇ ಆಗಸ್ಟಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ವಾಕ್‌ಸ್ವಾತಂತ್ರ್ಯದ ದೃಷ್ಟಿಯಿಂದ ತಡೆಯಿತ್ತಿತು. ಆ ಭಯವು ನಿರಾಧಾರವಲ್ಲ: ಸುಳ್ಳನ್ನು ತಡೆಯಲು ಸರಕಾರದ ಕೈಗಿತ್ತ ಕೋಲು ನಿಜವನ್ನೂ ಹೊಡೆಯಬಲ್ಲುದು.

ಹಾಗಾದರೆ ಉಳಿದ ದಾರಿ ಪತ್ರಿಕೆಯ ಆತ್ಮಸಂಯಮ ಮತ್ತು ಓದುಗರ ವಿವೇಕ. ಅಚ್ಚಾದ ತಪ್ಪು ಹಾಳೆಯಲ್ಲಿ ಉಳಿದು ತಿದ್ದುಪಡಿಯನ್ನು ಬೇಡುತ್ತಿದ್ದಿತು. ಜಾಲದ ತಪ್ಪನ್ನಾದರೋ ಸದ್ದಿಲ್ಲದೆ ಅಳಿಸಬಹುದು. ಅಳಿಸುವುದು ಪ್ರಾಯಶ್ಚಿತ್ತವಲ್ಲ. ಬರೆದವನ ಹೆಸರನ್ನು ಹೇಳುವುದು, ತಪ್ಪನ್ನು ಹೇಳಿದಷ್ಟೇ ಗಟ್ಟಿಯಾಗಿ ತಿದ್ದುಪಡಿಯನ್ನೂ ಹೇಳುವುದು—ಇವೆರಡನ್ನು ಪಾಲಿಸುವ ಪತ್ರಿಕೆಯೇ ಆಪ್ತ. ಇನ್ನು ಬಂದ ಸುದ್ದಿಯನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ಕಳುಹಿಸುವ ಗೃಹಸ್ಥನು ತಾನು ಕೇವಲ ಶ್ರೋತೃವೆಂದು ಭಾವಿಸಬಾರದು. ಆ ಕ್ಷಣದಲ್ಲಿ ಅವನೂ ವಕ್ತೃವೇ. ವಕ್ತೃವಿನ ಹೊಣೆಯೂ ಅವನದೇ.