ಬೋರಾನ್ ಪಂಜರಗಳೂ ಕ್ಯಾನ್ಸರ್ ಚಿಕಿತ್ಸೆಯೂ: ಪ್ರೊ. ನಾರಾಯಣ ಹೊಸಮನೆಯವರ ಸಂಶೋಧನೆ – ಒಂದು ವಿಮರ್ಶೆ

ಕೇರಂ ಹಲಗೆಯ ಮೇಲೆ ಉದುರಿಸುವ ಬೋರಿಕ್ ಪುಡಿ, ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ – ಇವೆರಡೂ ಬೋರಾನಿನ ಸಂಯುಕ್ತಗಳೆಂದು ನಿಮಗೆ ಗೊತ್ತು. ಈ ಒಂದು ಧಾತುವಿನ ಅಧ್ಯಯನಕ್ಕೇ ವೃತ್ತಿಜೀವನವನ್ನು ಮೀಸಲಿಟ್ಟ ರಸಾಯನ ವಿಜ್ಞಾನಿಗಳಲ್ಲಿ ಪ್ರೊ. ನಾರಾಯಣ ಹೊಸಮನೆಯವರದು ಎದ್ದು ಕಾಣುವ ಹೆಸರು. ಅವರು ಹುಟ್ಟಿದ್ದು ಗೋಕರ್ಣದಲ್ಲಿ. ಸ್ನಾತಕ, ಸ್ನಾತಕೋತ್ತರ ಪದವಿಗಳನ್ನು ಪಡೆದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಟಿಳಕವಾಡಿಯ ಜಿ.ಎಸ್.ಎಸ್. ವಿಜ್ಞಾನ ಕಾಲೇಜೂ ಸೇರಿದಂತೆ ಬೆಳಗಾವಿಯ ಕಾಲೇಜುಗಳು ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆದ್ದರಿಂದ ಈ ಭಾಗದ ಅಧ್ಯಾಪಕರಿಗೆ ಅವರು ನಮ್ಮವರೆಂಬ ಅಭಿಮಾನ ಸಹಜ.

ತರಗತಿಯಲ್ಲಿ ಅವರನ್ನು ಪರಿಚಯಿಸುವಾಗ ‘ಕ್ಯಾನ್ಸರಿಗೆ ಮದ್ದು ಕಂಡುಹಿಡಿದ ಕನ್ನಡಿಗ’ ಎಂದುಬಿಡುವ ಆಸೆಯೂ ಸಹಜವೇ. ಆದರೆ ಅದು ಸರಿಯೇ? ಅವರು ನಿಜವಾಗಿ ಸಾಧಿಸಿದ್ದೇನು, ಸಾಧಿಸಲು ಉಳಿದದ್ದೇನು ಎಂಬುದನ್ನು ತೂಗಿ ನೋಡೋಣ.

ಪಂಜರಗಳ ರಸಾಯನ

ಹೊಸಮನೆಯವರು 1974ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಎವೆಲಿನ್ ಎಬ್ಸ್‌ವರ್ತ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. ಮುಂದೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರಸೆಲ್ ಗ್ರೈಮ್ಸ್ ಅವರೊಡನೆ ದುಡಿದಾಗ ಕಾರ್ಬೊರೇನುಗಳ ಅಧ್ಯಯನದಲ್ಲಿ ತೊಡಗಿದರು. 1982ರಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವನ್ನೂ 1998ರಲ್ಲಿ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯವನ್ನೂ ಸೇರಿದರು.

ಕಾರ್ಬೊರೇನು ಎಂದರೇನು? ಬೋರಾನ್ ಪರಮಾಣುವಿನ ಹೊರಕವಚದಲ್ಲಿರುವುದು ಮೂರೇ ಎಲೆಕ್ಟ್ರಾನುಗಳು. ಮಾಮೂಲಿ ಬಂಧಗಳಿಗೆ ಅವು ಸಾಲವು. ಹಾಗಾಗಿ ಎರಡು ಎಲೆಕ್ಟ್ರಾನುಗಳನ್ನು ಮೂರು ಪರಮಾಣುಗಳು ಹಂಚಿಕೊಳ್ಳುವ ಬಂಧಗಳು ಉಂಟಾಗುತ್ತವೆ. ಪರಮಾಣುಗಳು ಒತ್ತಾಗಿ ಸೇರಿ ಪಂಜರದ ರೂಪ ತಾಳುತ್ತವೆ. ಈ ಬಂಧಗಳ ಗುಟ್ಟನ್ನು ಬಿಡಿಸಿದ ವಿಲಿಯಂ ಲಿಪ್ಸ್‌ಕೋಂಬ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪಂಜರದ ಕೆಲವು ಮೂಲೆಗಳಲ್ಲಿ ಬೋರಾನಿನ ಬದಲು ಕಾರ್ಬನ್ ಕುಳಿತರೆ ಅದೇ ಕಾರ್ಬೊರೇನು.

ಎರಡು ಕಾರ್ಬನ್, ನಾಲ್ಕು ಬೋರಾನುಗಳಿರುವ ಚಿಕ್ಕ ಪಂಜರಗಳು ಹೊಸಮನೆಯವರ ವಿಶೇಷ ಕ್ಷೇತ್ರ. ಇವುಗಳ ತಯಾರಿಕೆಗೆ ಬೇಕಾದ ಪೆಂಟಬೋರೇನು ಗಾಳಿ ಸೋಕಿದರೆ ಹೊತ್ತಿಕೊಳ್ಳಬಲ್ಲ, ಅತಿ ವಿಷಕಾರಿಯಾದ ದ್ರವ. ಅಂಥದ್ದನ್ನು ಪಳಗಿಸಿ, ಪಂಜರಕ್ಕೆ ಸಿಲಿಕಾನ್ ಗುಂಪುಗಳನ್ನು ತೊಡಿಸಿ, ಅದರ ತೆರೆದ ಮುಖಕ್ಕೆ ಬಗೆಬಗೆಯ ಲೋಹಗಳನ್ನು ಜೋಡಿಸಿದ್ದು ಅವರ ತಂಡದ ಗಟ್ಟಿಯಾದ, ಕಾಲ ಕಳೆದರೂ ಮಾಸದ ಕೊಡುಗೆ. ಇಲ್ಲಿ ಔಷಧದ ಮಾತೇ ಇರಲಿಲ್ಲ ಎಂಬುದನ್ನು ಗಮನಿಸಿ. ಇದು ಶುದ್ಧ ಮೂಲವಿಜ್ಞಾನ.

ನ್ಯೂಟ್ರಾನ್ ಹಿಡಿಯುವ ಚಿಕಿತ್ಸೆ

ನಿಸರ್ಗದ ಬೋರಾನಿನಲ್ಲಿ ಶೇಕಡ 20ರಷ್ಟು ಬೋರಾನ್-10 ಎಂಬ ಐಸೊಟೋಪು. ಅದು ನಿಧಾನಗತಿಯ ನ್ಯೂಟ್ರಾನನ್ನು ಹಿಡಿದೊಡನೆ ಹೀಲಿಯಂ ಮತ್ತು ಲಿಥಿಯಂ ಬೀಜಗಳಾಗಿ ಒಡೆಯುತ್ತದೆ. ಈ ಚೂರುಗಳು ಸಾಗುವ ದೂರ 10 ಮೈಕ್ರೊಮೀಟರಿಗೂ ಕಡಿಮೆ. ಅಂದರೆ ಒಂದು ಜೀವಕೋಶದ ಅಗಲದಷ್ಟು. ಕ್ಯಾನ್ಸರ್ ಕೋಶದೊಳಗೆ ಮಾತ್ರ ಬೋರಾನ್ ತುಂಬಿಸಿದರೆ ಆ ಕೋಶ ಸಾಯುತ್ತದೆ, ಪಕ್ಕದ ಆರೋಗ್ಯವಂತ ಕೋಶ ಉಳಿಯುತ್ತದೆ. 1936ರಲ್ಲಿ ಗಾರ್ಡನ್ ಲೋಚರ್ ಮುಂದಿಟ್ಟ ಈ ವಿಚಾರ ಎಷ್ಟು ಸರಳ!

ಆಚರಣೆ ಸರಳವಾಗಲಿಲ್ಲ. 1951ರಿಂದ 1961ರವರೆಗೆ ಅಮೆರಿಕದಲ್ಲಿ ಮಿದುಳುಗಡ್ಡೆಯ ರೋಗಿಗಳ ಮೇಲೆ ನಡೆದ ಪ್ರಯೋಗಗಳು ವಿಫಲವಾದವು. ಬೋರಾನ್ ಗಡ್ಡೆಯಲ್ಲಿ ನಿಲ್ಲದೆ ರಕ್ತದಲ್ಲೂ ಉಳಿದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಒಂದು ಗ್ರಾಂ ಗಡ್ಡೆಯಲ್ಲಿ 20 ಮೈಕ್ರೊಗ್ರಾಂಗೂ ಹೆಚ್ಚು ಬೋರಾನ್-10 ಇರಬೇಕು. ಸುತ್ತಲಿನ ಅಂಗಾಂಶದಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಚಿಕಿತ್ಸೆಯ ನಿಜವಾದ ತೊಡಕು ಇರುವುದು ಇಲ್ಲಿಯೇ.

ಎಣಿಕೆಯೊಂದೇ ಸಾಲದು

ಬೋರಾನ್ ಹೆಚ್ಚು ಬೇಕೆಂದರೆ ಬೋರಾನ್ ಹೆಚ್ಚಿರುವ ಅಣುವೇ ಉತ್ತಮವಲ್ಲವೇ? ನೀವೇ ಲೆಕ್ಕ ಮಾಡಿ. ಹತ್ತು ಬೋರಾನುಗಳಿರುವ ಆರ್ಥೊ-ಕಾರ್ಬೊರೇನಿನ ತೂಕದಲ್ಲಿ ಶೇಕಡ 75 ಬೋರಾನ್. ಬೋರೊನೊಫಿನೈಲ್‌ಅಲನೀನ್ ಎಂಬ ಅಣುವಿನಲ್ಲಿರುವುದು ಒಂದೇ ಬೋರಾನ್. ಶೇಕಡ 5ರಷ್ಟು ಮಾತ್ರ. ಆದರೆ 2020ರಲ್ಲಿ ಜಪಾನ್ ತಲೆ-ಕತ್ತಿನ ಕ್ಯಾನ್ಸರಿನ ಚಿಕಿತ್ಸೆಗೆ ಅನುಮತಿ ನೀಡಿದ್ದು ಈ ಎರಡನೆಯದಕ್ಕೆ! ಕಾರಣ, ಅದು ಅಮೈನೊ ಆಮ್ಲದ ವೇಷದಲ್ಲಿದೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶ ಅದನ್ನು ಆಹಾರವೆಂದು ತಾನೇ ಒಳಗೆಳೆದುಕೊಳ್ಳುತ್ತದೆ. ಅದರ ಕೊರತೆಯೂ ಸಣ್ಣದಲ್ಲ. 50 ಕಿಲೊ ತೂಕದ ರೋಗಿಗೆ ವಿಕಿರಣಕ್ಕೆ ಮೊದಲೇ ಸುಮಾರು 20 ಗ್ರಾಂ ಔಷಧವನ್ನು ರಕ್ತನಾಳಕ್ಕೆ ಹರಿಸಬೇಕು. ಅದರಲ್ಲಿ ಬೋರಾನ್ ಇರುವುದು ಒಂದು ಗ್ರಾಂನಷ್ಟು.

ಈ ಕೊರತೆಯನ್ನು ತುಂಬಲು ಹೊಸಮನೆ ಮತ್ತು ಸಹೋದ್ಯೋಗಿಗಳು ವಾಹಕದ ದಾರಿ ಹಿಡಿದರು. 2005ರಲ್ಲಿ ಜು ಯಿಂಗ್‌ಹುವಾಯ್, ತಕಗಾಕಿ ಮುಂತಾದವರೊಂದಿಗೆ ಕಾರ್ಬನ್ ನ್ಯಾನೊಕೊಳವೆಗೆ ಕಾರ್ಬೊರೇನುಗಳನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಗಡ್ಡೆಯಿರುವ ಇಲಿಗಳಿಗೆ ಕೊಟ್ಟರು. ಬೋರಾನ್ ರಕ್ತಕ್ಕಿಂತ ಗಡ್ಡೆಯಲ್ಲಿ ಹೆಚ್ಚಾಗಿ ಸೇರಿತು. ಆಮೇಲೆ ಕಾಂತೀಯ ನ್ಯಾನೊಕಣಗಳಿಗೆ ಕಾರ್ಬೊರೇನು ಜೋಡಿಸುವ ಪ್ರಯತ್ನವೂ ನಡೆಯಿತು.

ತೂಗಿ ನೋಡಿದಾಗ

ಇದು ಜಾಣ್ಮೆಯ ಕೆಲಸ, ಸಂದೇಹವಿಲ್ಲ. ಆದರೆ ಇಲಿಯ ಗಡ್ಡೆಯಲ್ಲಿ ಬೋರಾನ್ ಸೇರಿತು ಎಂಬುದಕ್ಕೂ ರೋಗಿ ಗುಣವಾದ ಎಂಬುದಕ್ಕೂ ನಡುವೆ ಬಹುದೂರವಿದೆ. ವಾಹಕ ದೇಹದಿಂದ ಹೇಗೆ ಹೊರಹೋಗುತ್ತದೆ? ಯಕೃತ್ತಿನಲ್ಲಿ ಉಳಿದರೆ ಗತಿಯೇನು? ಪ್ರತಿ ಬಾರಿಯೂ ಒಂದೇ ಬಗೆಯ ಕಣಗಳನ್ನು ತಯಾರಿಸಬಹುದೇ? ನ್ಯಾನೊವಾಹಕಗಳು ಎದುರಿಸಬೇಕಾದ ಈ ಪ್ರಶ್ನೆಗಳಿಗೆ ಸಂಶ್ಲೇಷಣೆಯ ಪ್ರಬಂಧವೊಂದು ಉತ್ತರ ಕೊಡಲಾರದು. ಅದಕ್ಕೆ ಔಷಧ ವಿಜ್ಞಾನಿ, ವೈದ್ಯ, ಭೌತವಿಜ್ಞಾನಿ ಎಲ್ಲರೂ ಬೇಕು. ಹೊಸಮನೆಯವರು ಸಹಲೇಖಕರೊಡನೆ 2012ರಲ್ಲಿ ಈ ಚಿಕಿತ್ಸೆಯನ್ನು ಕುರಿತ ಪುಸ್ತಕ ಹೊರತಂದದ್ದು, 2018ರಲ್ಲಿ ಬೋರಾನ್ ವಿಜ್ಞಾನದ ನಾಲ್ಕು ಸಂಪುಟಗಳ ಕೈಪಿಡಿಯನ್ನು ಸಂಪಾದಿಸಿದ್ದು ಇಂಥ ಬೇರೆ ಬೇರೆ ಕ್ಷೇತ್ರದವರನ್ನು ಒಂದೆಡೆ ತರುವ ದೃಷ್ಟಿಯಿಂದಲೂ ಉಪಯುಕ್ತ.

ಹಾಗಾದರೆ ತರಗತಿಯಲ್ಲಿ ಏನು ಹೇಳಬೇಕು? ಅವರು ಕ್ಯಾನ್ಸರಿಗೆ ಮದ್ದು ಕಂಡುಹಿಡಿದರು ಎನ್ನಬೇಡಿ. ಮನೆಯಲ್ಲಿ ರೋಗಿಯಿರುವ ವಿದ್ಯಾರ್ಥಿ ಆ ಮಾತನ್ನು ನಂಬಿ ಮನೆಗೆ ಒಯ್ಯುತ್ತಾನೆ. ಅಲ್ಲಿ ಅದು ಹುಸಿ ಭರವಸೆಯಾಗುತ್ತದೆ. ಅಪಾಯಕಾರಿ ಅಣುಗಳನ್ನು ಪಳಗಿಸಿ, ಹೊಸ ಪಂಜರಗಳನ್ನು ಕಟ್ಟಿ, ಅವನ್ನು ಗಡ್ಡೆಯವರೆಗೆ ಮುಟ್ಟಿಸುವ ಬಗೆಯನ್ನು ಹುಡುಕಿದ ರಸಾಯನ ವಿಜ್ಞಾನಿ ಎನ್ನಿ. ಜೊತೆಗೆ ಆ 75 ಮತ್ತು 5ರ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಿ, ಶೇಕಡ 5 ಇರುವುದೇ ಏಕೆ ಗೆದ್ದಿತು ಎಂದು ಕೇಳಿ. ಇಲ್ಲಿ ಬಿಡಿಸಬೇಕಾದ ಗಂಟು ಇನ್ನೂ ಇದೆ ಎಂಬುದು ವಿದ್ಯಾರ್ಥಿಗಳಿಗೆ ಆಗ ತಾನಾಗಿಯೇ ತಿಳಿಯುತ್ತದೆ.